ತಮಟೆಯವನ ಕೂಲಿಯೂ ಬೆಲೆಯ ಪ್ರಶ್ನೆಯೇ
(ಕಡೂರು, ತರೀಕೆರೆ, ಅಜ್ಜಂಪುರ ಭಾಗದ ರೈತರ ಮುಂದೆ ಆಡಿದ ಮಾತು)



ಬೆಲೆ, ಸಾಲ, ಜಪ್ತಿಯ ಮಾತಾಡೋ ಕಡೆ ಹಾಡು-ಕುಣಿತದ ವಿಚಾರ ಯಾಕಪ್ಪ ಅಂತ ನೀವು ಕೇಳಬಹುದು. ಕೇಳಬೇಕಾದ್ದೇ. ದುಡಿಯೋರ ಹೋರಾಟವನ್ನು ಸರ್ಕಾರದ ಕಡತ ಒಂದು ರೀತಿ ಬರೆದಿಡುತ್ತದೆ, ಜನರ ಹಾಡು ಇನ್ನೊಂದು ರೀತಿ ಇಟ್ಟುಕೊಳ್ಳುತ್ತದೆ. ಕಡತದಲ್ಲಿ ನಾವು ಬಾಕಿದಾರರು, ದಂಗೆಕೋರರು. ಹಾಡಿನಲ್ಲಿ ಮಾತ್ರ ನಮಗೆ ಹೆಸರಿದೆ, ಮಾನವಿದೆ.

ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದರು. 1857ರಲ್ಲಿ ಆಯುಧ ಒಪ್ಪಿಸೋದಿಲ್ಲ ಅಂದ ಹಲಗಲಿ ಬೇಡರ ಊರನ್ನೇ ಸುಟ್ಟರು. ಜನ ಸುಮ್ಮನಿರಲಿಲ್ಲ, ಲಾವಣಿ ಕಟ್ಟಿದರು. ಆದಾಯ ತೆರಿಗೆ ಹೇರಿದ್ದರ ಮೇಲೂ ಲಾವಣಿ ಹುಟ್ಟಿತು. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಇವನ್ನೆಲ್ಲ ಸಂಗ್ರಹಿಸಿ ಅಚ್ಚು ಹಾಕಿಸಿದ. ಯಾವ ಸರ್ಕಾರದ ಮೇಲೆ ಹಾಡಿದರೋ ಆ ಸರ್ಕಾರದ ನೌಕರನೇ ಬರೆದುಕೊಳ್ಳುವಷ್ಟು ಶಕ್ತಿ ಆ ಹಾಡಿಗಿತ್ತು.

ಈಗ ನಮ್ಮ ಸೀಮೆಗೆ ಬನ್ನಿ. ಅದೇ 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ತಾಳಲಾರದೆ ಕೂಟ ಸೇರಿ ತಿರುಗಿಬಿದ್ದರು. ತರೀಕೆರೆ ಪಾಳೇಗಾರರ ಮನೆತನವೂ ಆ ದಂಗೆಯಲ್ಲಿತ್ತು. ದಂಗೆ ಅಡಗಿತು. ಅದನ್ನೇ ಕಾರಣ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡರು. ರಾಯಣ್ಣನ ಹೆಸರು ನಿಮ್ಮ ಮಕ್ಕಳಿಗೆ ಗೊತ್ತು. ಪಕ್ಕದ ಈ ಕೂಟದ ಕಥೆ ಗೊತ್ತಾ? ಮನೇಲಿ ಕೇಳಿ ನೋಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದರು. ಗೇಣಿ ಭತ್ತ ಅಳೆಯೋ ಕೊಳಗ ನ್ಯಾಯದ ಅಳತೆಯದ್ದಾಗಿರಲಿ ಅಂದರು. ಅಷ್ಟಕ್ಕೇ ಜೈಲು ಕಂಡರು. ಅಲ್ಲಿ ಎದುರಿಗಿದ್ದವನು ಬಿಳಿಯನಲ್ಲ, ನಮ್ಮ ನಡುವಿನ ಜಮೀನಿನ ಒಡೆಯ. ಪಹಣಿಯಲ್ಲಿ ಹೆಸರಿರೋ ನಾವು ಇದನ್ನು ಮರೆಯೋ ಹಾಗಿಲ್ಲ.

ಯಾಕೆ ಹೇಳ್ತೀನಿ ಅಂದರೆ, ಸಭೆಯಲ್ಲಿ ರೈತಗೀತೆಗೆ ಎಲ್ಲರೂ ಎದ್ದು ನಿಲ್ತೀವಿ. ಅದನ್ನು ಬರೆದ ಕುವೆಂಪು 1904ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಹೆಮ್ಮೆಯ ಮಾತೇ. ಆದರೆ ಮೆರವಣಿಗೆ ಮುಂದೆ ಬಿಸಿಲಲ್ಲಿ ತಮಟೆ ಬಡಿದವನು, ಡೊಳ್ಳು ಹೊತ್ತವನು, ವೀರಗಾಸೆ ಕುಣಿದವನು ಸಭೆ ಶುರುವಾದ ಮೇಲೆ ಎಲ್ಲಿ ಕೂತಿರ್ತಾನೆ? ಅವನ ಕೂಲಿ ಎಷ್ಟು ಅಂತ ಯಾರು ಗೊತ್ತು ಮಾಡ್ತಾರೆ? ಈರುಳ್ಳಿಗೆ, ರಾಗಿಗೆ, ಕೊಬ್ಬರಿಗೆ ದಲ್ಲಾಳಿ ಹೇಳಿದ್ದೇ ರೇಟು ಅಂದರೆ ನಮ್ಮ ರಕ್ತ ಕುದಿಯುತ್ತೆ. ಕಲಾವಿದನಿಗೆ ನಾವು ಕೊಟ್ಟಷ್ಟೇ ಕೂಲಿ ಅಂದರೆ, ಆ ದಲ್ಲಾಳಿಯ ತಕ್ಕಡಿ ನಮ್ಮ ಕೈಗೆ ಬಂತು ಅಂತಲೇ ಅರ್ಥ.

ಆದ್ದರಿಂದ ಮೂರು ಕೆಲಸ ಮಾಡೋಣ. ಸಭೆಗೆ ಕರೆಯೋ ಮೊದಲೇ ಕಲಾವಿದರ ಜೊತೆ ಕೂತು ಕೂಲಿ ಗೊತ್ತು ಮಾಡಿ, ಅವತ್ತೇ ಚುಕ್ತಾ ಮಾಡಿ. ಊಟಕ್ಕೆ ಒಂದೇ ಪಂಕ್ತಿ, ಕೂರೋಕೆ ಒಂದೇ ಜಮಖಾನ. ಮೂರನೇದು, ಬೀಸೋ ಪದ, ನಾಟಿ ಪದ, ಕಣದ ಪದ ಗೊತ್ತಿರೋ ಅಜ್ಜಿಯರು ಇನ್ನೂ ಇದ್ದಾರೆ. ಮಕ್ಕಳ ಕೈಯಲ್ಲಿ ಮೊಬೈಲು ಇದೆ. ಹಾಡಿಸಿ, ಹಿಡಿದಿಡಿ. ನಗರ ದಂಗೆಯ ಪದ ಯಾರ ಬಾಯಲ್ಲಾದರೂ ಇದ್ದರೆ ಮೊದಲು ಅದನ್ನು ಬರೆಸಿಕೊಳ್ಳಿ.

ನಮ್ಮ ಬೆವರಿಗೆ ಬೆಲೆ ಕೇಳೋ ಹಕ್ಕು ನಮಗಿದೆ. ಇನ್ನೊಬ್ಬರ ಬೆವರಿಗೆ ಬೆಲೆ ಕೊಟ್ಟು ಆ ಹಕ್ಕನ್ನು ಗಟ್ಟಿ ಮಾಡಿಕೊಳ್ಳೋಣ.