ರೀಚಾರ್ಜ್ ಮಾಡುವ ಮುನ್ನ ಒಂದು ಲೆಕ್ಕ

(ಸಂಘದ ವಾರ್ಷಿಕ ಸಭೆಯಂದು ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಕೆಲಸಕ್ಕೆ ನಾನು ಕುಳಿತಿದ್ದಾಗ ಪಿಯುಸಿ ಓದುವ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಅಂಕಪಟ್ಟಿ ಇತ್ತು, ಆದಾಯ ಪ್ರಮಾಣಪತ್ರ ಇತ್ತು, ಬ್ಯಾಂಕ್ ಪಾಸ್‌ಬುಕ್ ಇತ್ತು. ಇಲ್ಲದಿದ್ದುದು ಒಟಿಪಿ ಒಂದೇ. ಅವಳ ಆಧಾರ್‌ಗೆ ಜೋಡಿಸಿದ್ದು ತಂದೆಯ ಹಳೆಯ ನಂಬರು. ತಂದೆ ಗಲ್ಫಿಗೆ ಹೋದ ಮೇಲೆ ಆ ಸಿಮ್ಮಿಗೆ ಯಾರೂ ಕರೆನ್ಸಿ ಹಾಕಿರಲಿಲ್ಲ. ನಾವು ಆ ನಂಬರಿಗೆ ಕರೆ ಮಾಡಿದರೆ ಎತ್ತಿದವರು ಬೇರೆ ಯಾರೋ! ಆಧಾರ್ ಕೇಂದ್ರಕ್ಕೆ ಅಲೆದಾಡಿ, ನಂಬರು ಬದಲಿಸಿ, ಕೊನೆಯ ದಿನಾಂಕಕ್ಕೆ ಎರಡೇ ದಿನ ಇರುವಾಗ ಅರ್ಜಿ ಸಲ್ಲಿಸಿದೆವು. ಸ್ವಲ್ಪ ತಡವಾಗಿದ್ದರೂ ಆ ಮಗುವಿನ ಒಂದು ವರ್ಷದ ನೆರವು ಕೈತಪ್ಪುತ್ತಿತ್ತು.

ಆದ್ದರಿಂದ ಇಂದು ನಾನು ಹೇಳುವ ಮಾತು ಒಂದೇ. ಪ್ಲಾನ್ ಬರುತ್ತದೆ, ಹೋಗುತ್ತದೆ. ನಂಬರನ್ನು ಮಾತ್ರ ಕಳೆದುಕೊಳ್ಳಬೇಡಿ. ಅದು ಇಂದು ನಿಮ್ಮ ಬ್ಯಾಂಕಿನ, ಪರೀಕ್ಷೆಯ, ವಿದ್ಯಾರ್ಥಿವೇತನದ ಬಾಗಿಲಿನ ಕೀಲಿಕೈ.

ಮೊದಲು ಹಣದ ಲೆಕ್ಕ ನೋಡೋಣ. ನಾವು 'ತಿಂಗಳ ಪ್ಲಾನ್' ಎನ್ನುವುದರಲ್ಲಿ ಹೆಚ್ಚಿನವು 28 ದಿನಗಳವು. ವರ್ಷಕ್ಕೆ 12 ಬಾರಿ ರೀಚಾರ್ಜ್ ಮಾಡಿದರೆ 336 ದಿನಗಳಷ್ಟೇ ಆಗುತ್ತದೆ. ಹಾಗಾಗಿ 13ನೆಯ ಬಾರಿ ಹಣ ಕಟ್ಟಲೇಬೇಕು. ಪ್ಲಾನಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ನೀವು 3600 ಎಂದುಕೊಂಡಿರುವ ವರ್ಷದ ಖರ್ಚು 3900 ಆಗುತ್ತದೆ. ಈ ಗೊಂದಲದ ಬಗ್ಗೆ ದೂರುಗಳು ಬಂದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಪ್ರತಿ ಕಂಪನಿಯೂ 30 ದಿನಗಳ ಪ್ಲಾನನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಲಾನನ್ನೂ ಇಡಬೇಕೆಂದು 2022ರಲ್ಲಿ ಆದೇಶಿಸಿತು. ಅಂಗಡಿಯವರು ಹೇಳದಿದ್ದರೆ ನೀವೇ ಕೇಳಿ. ಯಾವ ಪ್ಲಾನ್ ಅಗ್ಗ ಎಂದು ತಿಳಿಯಲು ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿ, ಸಾಕು.

ಮನೆಯಲ್ಲಿ ಕೀಪ್ಯಾಡ್ ಫೋನ್ ಬಳಸುವ ಅಜ್ಜ ಅಜ್ಜಿಯರಿಗೆ ಡೇಟಾ ಏಕೆ? ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಲಾನನ್ನೂ ಕಂಪನಿಗಳು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಇಂಥ ವಿಶೇಷ ವೋಚರುಗಳ ಅವಧಿಯ ಮಿತಿಯನ್ನು 90ರಿಂದ 365 ದಿನಗಳಿಗೆ ಏರಿಸಿದೆ.

ಇನ್ನು ಡೇಟಾ. ದಿನಕ್ಕೆ 1.5 ಜಿಬಿ, 28 ದಿನ ಎಂದರೆ ಒಟ್ಟು 42 ಜಿಬಿ. ಆದರೆ ಆ 42 ಜಿಬಿ ನಿಮ್ಮ ಖಾತೆಯಲ್ಲಿ ಕೂಡಿಟ್ಟ ಹಣದಂತೆ ಅಲ್ಲ. ಸಾಮಾನ್ಯವಾಗಿ ಆ ದಿನ ಬಳಸದೆ ಉಳಿದದ್ದು ಮರುದಿನಕ್ಕೆ ಬರುವುದಿಲ್ಲ. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ವಿಡಿಯೋ ನೋಡಿದರೆ ಸುಮಾರು 450 ಎಂಬಿ ಖರ್ಚಾಗುತ್ತದೆ. ಅಂದರೆ ಮೂರು ಗಂಟೆ ಚಿಲ್ಲರೆಯಲ್ಲಿ ದಿನದ ಪಾಲು ಮುಗಿಯಿತು. ಸ್ಪಷ್ಟತೆ ಹೆಚ್ಚಿಸಿದರೆ ಇನ್ನೂ ಬೇಗ. ಆಮೇಲೆ ಅನೇಕ ಪ್ಲಾನುಗಳಲ್ಲಿ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 10 ಎಂಬಿಯ ಒಂದು ಪಾಠದ ಕಡತ ಇಳಿಸಲು 20 ನಿಮಿಷಕ್ಕೂ ಹೆಚ್ಚು ಬೇಕು. 'ಅನ್‌ಲಿಮಿಟೆಡ್' ಎಂದು ಬರೆದಿರುವ ಕಡೆ ಕೆಳಗಿನ ಸಣ್ಣ ಅಕ್ಷರಗಳನ್ನು ಓದಬೇಕು ಎನ್ನುವುದು ಇದಕ್ಕಾಗಿಯೇ.

ನೆಟ್‌ವರ್ಕ್ ಚೆನ್ನಾಗಿಲ್ಲದಿದ್ದರೆ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಈ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಿಂದ ದೇಶದಾದ್ಯಂತ ಬಂತು. ಬೇರೆ ರಾಜ್ಯಕ್ಕೆ ಹೋದರೂ ನಂಬರು ಉಳಿಸಿಕೊಳ್ಳುವ ಅವಕಾಶ 2015ರ ಜುಲೈಯಲ್ಲಿ ಸಿಕ್ಕಿತು. ಕ್ರಮ ಸುಲಭ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರು ಬರೆದು 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಿ. ನಿಮ್ಮ ಪ್ಲಾನ್ ಯಾವುದೇ ಇರಲಿ, ಈ ಸಂದೇಶಕ್ಕೆ ಅವಕಾಶ ಕೊಡಬೇಕೆಂದು ಟ್ರಾಯ್ 2021ರಲ್ಲಿ ಕಂಪನಿಗಳಿಗೆ ಸೂಚಿಸಿದೆ. ಉತ್ತರವಾಗಿ ಬರುವ ಎಂಟು ಅಕ್ಷರಗಳ ಸಂಕೇತ ಕರ್ನಾಟಕದಲ್ಲಿ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಅದನ್ನೂ ಗುರುತಿನ ದಾಖಲೆಯನ್ನೂ ಹಿಡಿದು ಹೊಸ ಕಂಪನಿಯ ಮಳಿಗೆಗೆ ಹೋಗಬೇಕು. ಕರ್ನಾಟಕದೊಳಗಿನ ಬದಲಾವಣೆಗೆ ಮೂರು, ರಾಜ್ಯ ದಾಟಿದರೆ ಐದು ಕೆಲಸದ ದಿನಗಳು ನಿಗದಿಯಾಗಿವೆ.

ಕೆಲವು ಷರತ್ತುಗಳಿವೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಆದರೆ ಬಾಕಿ ಬಿಲ್ ಕಟ್ಟಿರಬೇಕು. ಸಿಮ್ ಬದಲಿಸಿ ಏಳು ದಿನ ಆಗಿರದಿದ್ದರೆ ಸಂಕೇತ ಸಿಗದು. ವಂಚನೆ ತಡೆಯಲು 2024ರ ಜುಲೈ 1ರಿಂದ ಈ ನಿಯಮ ಬಂದಿದೆ. ಹಳೆಯ ಸಿಮ್ಮಿನಲ್ಲಿ ಉಳಿದ ಹಣ ಮತ್ತು ಡೇಟಾ ಹೊಸದಕ್ಕೆ ಬರುವುದಿಲ್ಲ. ಆದ್ದರಿಂದ ಪ್ಲಾನ್ ಮುಗಿಯುವ ಹೊತ್ತಿಗೆ ಬದಲಿಸಿ. ಬದಲಾಗುವಾಗ ಕೆಲವು ಗಂಟೆ ಫೋನ್ ಕೆಲಸ ಮಾಡದಿರಬಹುದು. ಫೀಸು ಕಟ್ಟುವ ಕೊನೆಯ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಬದಲಿಸುವ ಮೊದಲು ಹೊಸ ಕಂಪನಿಯ ಸಿಮ್ ಇರುವ ಗೆಳೆಯನನ್ನು ಮನೆಗೆ ಕರೆದು, ನಿಮ್ಮ ಓದುವ ಕೋಣೆಯಲ್ಲೇ ಸಿಗ್ನಲ್ ನೋಡಿ. ಆ ಸಂಕೇತವನ್ನಾಗಲಿ, ಒಟಿಪಿಯನ್ನಾಗಲಿ ಫೋನಿನಲ್ಲಿ ಕೇಳಿದವರಿಗೆ ಎಂದೂ ಹೇಳಬೇಡಿ. ನಂಬರು ಅವರ ಕೈ ಸೇರಿದರೆ ಬ್ಯಾಂಕಿನ ಹಣವೂ ಅವರ ಕೈ ಸೇರಬಹುದು.

ಪರದೇಶದಲ್ಲಿ ದುಡಿಯುವ ಬಂಧುಗಳಿರುವ ಮನೆಯವರು ಗಮನಿಸಿ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಮುಖ್ಯ ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಇದ್ದರೆ ನಿಲ್ಲಿಸಬಾರದೆಂಬುದು 2013ರ ಟ್ರಾಯ್ ನಿಯಮ. ಆದರೆ ನಂಬರು ಉಳಿಯುವುದು ಬೇರೆ, ಒಟಿಪಿ ಬರುವುದು ಬೇರೆ. ವ್ಯಾಲಿಡಿಟಿ ಮುಗಿದರೆ ಒಳಬರುವ ಸೇವೆಯೂ ನಿಲ್ಲಬಹುದು. ನಿಲ್ಲಿಸಿದ ನಂಬರನ್ನು 90 ದಿನಗಳ ಬಳಿಕ ಬೇರೆಯವರಿಗೆ ಕೊಡಬಹುದು. ಆ ಹುಡುಗಿಯ ಮನೆಯಲ್ಲಿ ಆದದ್ದು ಇದೇ.

ಅನ್ಯಾಯವಾದರೆ ಸುಮ್ಮನಿರಬೇಡಿ. ಮೊದಲು ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಗ್ರಾಹಕ ಆಯೋಗಕ್ಕೂ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ.

ಪ್ರಿಯ ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿರುವ ಪ್ರತಿ ನಂಬರು, ಅದು ಯಾರ ಹೆಸರಿನಲ್ಲಿದೆ, ಯಾವ ಖಾತೆಗೆ ಜೋಡಿಸಿದೆ, ವ್ಯಾಲಿಡಿಟಿ ಎಂದು ಮುಗಿಯುತ್ತದೆ, ಇಷ್ಟನ್ನು ಬರೆದು ಗೋಡೆಗೆ ಅಂಟಿಸಿ. ಓದಿದ ಮಕ್ಕಳು ಮನೆಗೆ ಮಾಡಬಹುದಾದ ಸಣ್ಣ ಸೇವೆ ಇದು. ಮುಂದಿನ ವರ್ಷ ಅರ್ಜಿ ತುಂಬಿಸಲು ಬರುವಾಗ ನಿಮ್ಮಲ್ಲಿ ಯಾರೂ ಒಟಿಪಿಗಾಗಿ ಅಳುವಂತಾಗಬಾರದು.