ಮಕ್ಕಳ ಸಾಫ್ಟ್‌ವೇರ್ ತರಬೇತಿಗೆ ಸಾಲ ಕೊಡುವ ಮುನ್ನ

(ಕಾಗದನಗರದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಸಾಲ ಮರುಪಾವತಿ ಬಗ್ಗೆ ಮಾತಾಡಿ ಅಂತ ಒಕ್ಕೂಟದವರು ನಮ್ಮನ್ನು ಕೇಳಿದ್ದಾರೆ. ಅದನ್ನೇ ಮಾತಾಡ್ತೇವೆ, ಆದರೆ ಸ್ವಲ್ಪ ಸುತ್ತಿಕೊಂಡು ಬರ್ತೇವೆ. ಈಚಿನ ಸಾಲದ ಅರ್ಜಿಗಳನ್ನೆಲ್ಲ ನಾವು ಮತ್ತು ನಮ್ಮ ಕಾರ್ಯಕರ್ತೆಯರು ಕೂತು ಓದಿದೆವು. ಹಸು, ಹೊಲಿಗೆ ಯಂತ್ರ, ಮನೆ ರಿಪೇರಿ, ಮದುವೆ, ಆಸ್ಪತ್ರೆ, ಇವೆಲ್ಲ ಮೊದಲಿಂದ ಇದ್ದದ್ದೇ. ಈಗ ಹೊಸದೊಂದು ಕಾರಣ ಸೇರಿದೆ. "ಮಗನ ಸಾಫ್ಟ್‌ವೇರ್ ಟ್ರೈನಿಂಗ್", "ಮಗಳ ಕೋರ್ಸ್ ಫೀಸು". ಒಬ್ಬ ಸದಸ್ಯೆ ನಮ್ಮನ್ನು ನೇರವಾಗಿ ಕೇಳಿದರು: "ಸಿಸ್ಟರ್, ನಾಲ್ಕು ವರ್ಷ ಇಂಜಿನಿಯರಿಂಗ್ ಓದಿಸಿದೀವಿ. ಆದ್ರೂ ಕೆಲಸಕ್ಕೆ ರೆಡಿ ಇಲ್ಲ ಅಂತಾರಂತೆ. ಹಾಗಾದ್ರೆ ಇಷ್ಟು ದಿನ ಏನು ಕಲಿಸಿದ್ರು?" ಈ ಪ್ರಶ್ನೆ ಬಿಟ್ಟು ಬಾಕಿ ಕಂತಿನ ಮಾತಾಡಿದರೆ ಪ್ರಯೋಜನ ಇಲ್ಲ.

ಇಲ್ಲೇ ಕೂತಿರುವ ಒಬ್ಬ ತಾಯಿಯ ಒಪ್ಪಿಗೆ ಪಡೆದು ಅವರ ಮನೆಯ ವಿಷಯ ಹೇಳ್ತೇವೆ. ಅವರ ಯಜಮಾನರು ಎಂಪಿಎಂನಲ್ಲಿದ್ದರು. 1936ರಲ್ಲಿ ಶುರುವಾದ ಮಿಲ್ಲು 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ ನಮ್ಮ ಕಾಗದನಗರದ ಮನೆಗಳು ಹೇಗೆ ಬದುಕಿದವು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಕೈಗೆ ಬಂದ ದುಡ್ಡಲ್ಲಿ ಈ ಮನೆಯವರು ಮಗಳನ್ನು ಇಂಜಿನಿಯರಿಂಗ್ ಓದಿಸಿದರು. ಡಿಗ್ರಿ ಬಂತು, ಕೆಲಸ ಬರಲಿಲ್ಲ. ಆಗ ಒಂದು ಖಾಸಗಿ ತರಬೇತಿ ಕೇಂದ್ರದವರು "ಆರು ತಿಂಗಳ ಕೋರ್ಸ್, ಕೆಲಸ ಗ್ಯಾರಂಟಿ" ಅಂದರು. ಫೀಸು 60,000 ರೂಪಾಯಿ. ಸಂಘದಿಂದ 40,000 ಸಾಲ, ಉಳಿದದ್ದಕ್ಕೆ ಓಲೆ ಅಡವು. ಕೋರ್ಸ್ ಮುಗೀತು, ಬಣ್ಣದ ಸರ್ಟಿಫಿಕೇಟ್ ಸಿಕ್ತು. ಆಮೇಲೆ "ಆಫರ್ ಲೆಟರ್ ಬಂದಿದೆ, 15,000 ಡಿಪಾಜಿಟ್ ಕಟ್ಟಿ" ಅಂತ ಫೋನು. ಪುಣ್ಯಕ್ಕೆ ಅದನ್ನು ಕಟ್ಟಲಿಲ್ಲ. ಆದರೆ ಮೊದಲಿನ ದುಡ್ಡು ಹೋಗಿತ್ತು.

ಆ ಸಾಲಕ್ಕೆ ಶಿಫಾರಸು ಮಾಡಿದವರು ನಾವೇ. ಹಸುವಿಗೆ ಸಾಲ ಕೊಡುವಾಗ ಎಷ್ಟು ಲೀಟರ್ ಕರೆಯುತ್ತೆ, ಎಷ್ಟನೇ ಸೂಲು ಅಂತೆಲ್ಲ ಕೇಳ್ತೇವೆ. ಇದಕ್ಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಂಪ್ಯೂಟರ್ ಅಂದ ಕೂಡಲೇ ನಮಗೆ ಗೊತ್ತಾಗೋ ವಿಷಯ ಅಲ್ಲ ಅಂದುಕೊಂಡೆವು. ಅಲ್ಲೇ ತಪ್ಪಿದ್ದು.

ಈಗ ಆ ಪ್ರಶ್ನೆಗೆ ಬರೋಣ. ಕೆಲಸಕ್ಕೆ ರೆಡಿ ಆಗೋದು ಅಂದ್ರೆ ಏನು?

ನಿಮ್ಮ ಯಜಮಾನರನ್ನು ಕೇಳಿ ನೋಡಿ. ಮಿಲ್ಲಿಗೆ ಹೊಸದಾಗಿ ಸೇರಿದವನ ಕೈಗೆ ಮೊದಲ ದಿನವೇ ಮಷೀನ್ ಕೊಡ್ತಿದ್ರಾ? ಹಳಬರ ಪಕ್ಕದಲ್ಲಿ ನಿಂತು ನೋಡಬೇಕಿತ್ತು. ಓಡುತ್ತಿರುವ ಹಾಳೆ ಹರಿದರೆ ಏನು ಮಾಡಬೇಕು, ಯಾರನ್ನು ಕೂಗಬೇಕು, ಯಾವ ಸದ್ದು ಬಂದರೆ ಎಚ್ಚರ ಆಗಬೇಕು, ಇದನ್ನು ಪುಸ್ತಕ ಓದಿ ಕಲಿತವರಿಲ್ಲ. ಹರಿದ ಹಾಳೆಗೆ 'ಬ್ರೋಕ್' ಅಂತಾರೆ, ಅದನ್ನು ಮತ್ತೆ ಪಲ್ಪ್ ಮಾಡಿ ಉಪಯೋಗಿಸ್ತಾರೆ. ಹಾಳಾದದ್ದು ಹೊರಗೆ ಗಿರಾಕಿಗೆ ಹೋಗಲ್ಲ, ಒಳಗೇ ತಿರುಗಿ ಬರುತ್ತೆ. ಸಾಫ್ಟ್‌ವೇರ್‌ನಲ್ಲೂ ಹಾಗೇ. ಹೊಸಬರು ಬರೆದದ್ದು ನೇರ ಬ್ಯಾಂಕಿಗೋ ಆಸ್ಪತ್ರೆಗೋ ಹೋಗಲ್ಲ. ಹಿರಿಯರೊಬ್ಬರು ಓದಬೇಕು, ಬೇರೆ ಕಡೆ ಪರೀಕ್ಷೆ ಆಗಬೇಕು, ಸರಿ ಇಲ್ಲದಿದ್ದರೆ ವಾಪಸ್ ಬರಬೇಕು.

ಹಳೇನಗರದ ಒಬ್ಬ ಸದಸ್ಯೆಯ ಮಗ ಬೆಂಗಳೂರಿನಲ್ಲಿದ್ದಾನೆ. ದೀಪಾವಳಿಗೆ ಬಂದಾಗ ಅವನ ಮೊದಲ ಕೆಲಸದ ಕಥೆ ಹೇಳಿದ. ಯಾವುದೋ ಅಂಗಡಿಯ ಬಿಲ್ಲಿನಲ್ಲಿ ತಾರೀಖು ಒಂದು ದಿನ ಹಿಂದೆ ಬೀಳ್ತಿತ್ತು. ಅದನ್ನು ಸರಿ ಮಾಡಬೇಕು. ತಿದ್ದಿದ್ದು ಒಂದೇ ಸಾಲು, ಹಿಡಿದದ್ದು ನಾಲ್ಕು ದಿನ. ಅವನ ತಾಯಿ "ಒಂದು ಸಾಲಿಗೆ ನಾಲ್ಕು ದಿನವಾ? ಸಂಬಳ ಕೊಡ್ತಾರೇನೋ ನಿಂಗೆ?" ಅಂತ ನಕ್ಕರು. ಅವನು ಹೇಳಿದ: ಮೊದಲ ದಿನ ಬೇರೆಯವರು ಬರೆದಿಟ್ಟ ಸಾವಿರಾರು ಸಾಲು ಓದಿದ್ದೇ ಆಯ್ತು. ಎರಡನೇ ದಿನ ಆ ತಪ್ಪು ತನ್ನ ಕಂಪ್ಯೂಟರಿನಲ್ಲಿ ಬೇಕೆಂದೇ ಮತ್ತೆ ಆಗುವ ಹಾಗೆ ಮಾಡಿದ, ಯಾಕಂದ್ರೆ ಕಣ್ಣೆದುರು ಆಗದ ತಪ್ಪನ್ನು ಸರಿಪಡಿಸಿದೆ ಅಂತ ಹೇಳೋಕೆ ಬರಲ್ಲ. ಕೊನೆಗೆ ನೋಡಿದರೆ ಬೇರೆ ದೇಶದ ಗಡಿಯಾರದ ಲೆಕ್ಕದಲ್ಲಿ ತಾರೀಖು ಬರ್ತಿತ್ತು. ನಮ್ಮಲ್ಲಿ ಬೆಳಗಿನ ಜಾವ ಆಗಿದ್ರೆ ಅಲ್ಲಿ ಇನ್ನೂ ಹಿಂದಿನ ರಾತ್ರಿ! ತಿದ್ದಿ ಕೊಟ್ಟರೆ ಹಿರಿಯರು ಎರಡು ಸಲ ವಾಪಸ್ ಕಳಿಸಿದರು. "ಇದನ್ನು ತಿದ್ದಿದ್ದರಿಂದ ಹಳೇ ಬಿಲ್ಲುಗಳು ಕೆಡಲಿಲ್ಲ ಅಂತ ಹೇಗೆ ಗೊತ್ತು?" ಅಂತ ಕೇಳಿದರಂತೆ.

ಕಾಲೇಜಿನಲ್ಲಿ ಪ್ರೋಗ್ರಾಮ್ ಅನ್ನು ಖಾಲಿ ಹಾಳೆಯಿಂದ ಬರೆಸ್ತಾರೆ. ಉತ್ತರ ಮೊದಲೇ ಗೊತ್ತಿರುತ್ತೆ, ಅಂಕ ಬಿದ್ದ ಮೇಲೆ ಅದನ್ನು ಯಾರೂ ನೋಡಲ್ಲ. ಕೆಲಸದಲ್ಲಿ ಸಿಗೋದು ಹತ್ತು ಜನ ಹತ್ತು ವರ್ಷ ಬರೆದು ಬಿಟ್ಟದ್ದು. ಅಂತರ ಇರೋದು ಇಲ್ಲೇ. ನಾವು ಎಂಎಸ್‌ಡಬ್ಲ್ಯೂ ಓದುವಾಗ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯಕ್ಕೆ ಹೋಗ್ತಿದ್ವಿ. ವರದಿ ಬರೆದರೆ ಮಾರ್ಗದರ್ಶಕರು ಹಾಳೆ ತುಂಬ ಕೆಂಪು ಶಾಯಿ ಹಾಕಿ ಕೊಡ್ತಿದ್ರು. ಆಗ ಅಳು ಬರ್ತಿತ್ತು. ತರಗತಿಯ ಪಾಠ ಬಹಳಷ್ಟು ಮರೆತುಹೋಗಿದೆ, ಆ ಕೆಂಪು ಶಾಯಿ ಮರೆತಿಲ್ಲ.

ದೊಡ್ಡ ಕಂಪನಿಗಳು ಇದಕ್ಕೆಂದೇ ತಮ್ಮ ಖರ್ಚಿನಲ್ಲಿ ತರಬೇತಿ ಕೊಡುತ್ತವೆ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ಹೊಸಬರನ್ನು ತಿಂಗಳುಗಟ್ಟಲೆ ಅಲ್ಲೇ ಇರಿಸಿಕೊಂಡು ಕಲಿಸ್ತಾರೆ. ಅಲ್ಲಿಯೂ 2025ರ ಫೆಬ್ರವರಿಯಲ್ಲಿ, ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ ಅಂತ 300ಕ್ಕೂ ಹೆಚ್ಚು ತರಬೇತಿದಾರರನ್ನು ಮನೆಗೆ ಕಳಿಸಿದರು. ಅವರಲ್ಲಿ ಬಹಳ ಮಕ್ಕಳು ಎರಡು ವರ್ಷ ಕಾದು 2024ರಲ್ಲಿ ಸೇರಿದ್ದವರು. ಅದು ಸರಿಯೋ ತಪ್ಪೋ ಅಂತ ಆಗ ಬಹಳ ಚರ್ಚೆ ಆಯ್ತು. ಆ ಮಕ್ಕಳ ಸಂಕಟ ನೆನೆದರೆ ನಮಗೆ ಈಗಲೂ ಬೇಸರವೇ. ಆದರೆ ಇಷ್ಟು ಯೋಚಿಸಿ. ಅಂಥ ಕಡೆಯೇ ಎಲ್ಲರೂ ಪಾಸಾಗ್ತಾರೆ ಅಂತ ಹೇಳೋಕೆ ಆಗದಿದ್ದಾಗ, ಎರಡು ರೂಮು ಬಾಡಿಗೆಗೆ ಹಿಡಿದವರು ನಿಮ್ಮ ಮಗನಿಗೆ ಗ್ಯಾರಂಟಿ ಹೇಗೆ ಕೊಡ್ತಾರೆ?

ನಾವು ಹೇಳಿದ ಆ ಮಗಳು ಮೂರು ತಿಂಗಳು ಮನೆಯಿಂದ ಹೊರಗೇ ಬರಲಿಲ್ಲ. ಸಂಘದ ಅಕ್ಕಂದಿರು ಎದುರಾದರೆ ಸಾಲದ ನೆನಪಾಗುತ್ತೆ ಅಂತ. ಒಂದು ದಿನ ನಾವೇ ಮನೆಗೆ ಹೋಗಿ, "ನಮ್ಮ ಒಕ್ಕೂಟದ ಲೆಕ್ಕ ಕಂಪ್ಯೂಟರಿಗೆ ಹಾಕಿಕೊಡ್ತೀಯಾ ಮಗಾ?" ಅಂತ ಕೇಳಿದೆವು. ನಿಜ ಹೇಳಬೇಕಂದ್ರೆ, ಹುಡುಗಿ ಮನೆಯಿಂದ ಹೊರಗೆ ಬರಲಿ ಅನ್ನೋದಷ್ಟೇ ನಮ್ಮ ಮನಸ್ಸಲ್ಲಿತ್ತು.

ಹದಿನೈದು ದಿನದಲ್ಲಿ ತಂದಳು. ಎಐಗೆ ಕೇಳಿ ಬರೆಸಿದ್ದಳು. ನೋಡೋಕೆ ಬಹಳ ಚೆನ್ನಾಗಿತ್ತು. ನಮ್ಮ ಹಳೆಯ ಪ್ರತಿನಿಧಿಗಳು ನಾಲ್ಕು ಜನ ಕನ್ನಡಕ ಹಾಕಿ ಕೂತರು. ಮೊದಲ ತಪ್ಪು ಐದು ನಿಮಿಷದಲ್ಲಿ ಸಿಕ್ತು. 10,000 ಸಾಲದಲ್ಲಿ 5,000 ಕಟ್ಟಿ ಮುಗಿದವರಿಗೂ ಅದು ಪೂರ್ತಿ 10,000ಕ್ಕೆ ಬಡ್ಡಿ ಹಾಕ್ತಿತ್ತು. ನೂರಕ್ಕೆ ಎರಡರಂತೆ 100 ಆಗಬೇಕಾದಲ್ಲಿ 200. ಇಳಿಕೆ ಬಾಕಿಯ ಮೇಲೆ ಬಡ್ಡಿ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ಅವಳು ಎಐಗೆ ಅದನ್ನು ಹೇಳಿರಲಿಲ್ಲ, ಅದು ಕೇಳಿರಲೂ ಇಲ್ಲ. ಒಂದೇ ಸಂಘದಲ್ಲಿ ಒಂದೇ ಹೆಸರಿನ ಇಬ್ಬರಿದ್ದರು, ಒಬ್ಬರ ಕಂತು ಇನ್ನೊಬ್ಬರ ಖಾತೆಗೆ ಹೋಯ್ತು. "ಪಾಸ್‌ಬುಕ್ಕಲ್ಲಿ ಸದಸ್ಯರ ನಂಬರ್ ಇದೆಯಲ್ಲ, ಅದನ್ನ ಹಾಕು" ಅಂದರು ಒಬ್ಬರು. ಸಭೆಗೆ ಬಾರದವರು ದಾರಿಯಲ್ಲಿ ಸಿಕ್ಕಾಗ ದುಡ್ಡು ಕೊಡ್ತಾರೆ, ಬರೆಯೋದು ಮುಂದಿನ ವಾರ. ಹಾಗಾದ್ರೆ ತಾರೀಖು ಯಾವುದು ಹಾಕೋದು? ಹುಡುಗಿಗೆ ಹೊಳೆದೇ ಇರಲಿಲ್ಲ. ಮಧ್ಯದಲ್ಲಿ ಕರೆಂಟು ಹೋಯ್ತು. ಬಂದು ನೋಡಿದರೆ ದುಡ್ಡು ನಗದು ಪುಸ್ತಕಕ್ಕೆ ಏರಿದೆ, ಸದಸ್ಯೆಯ ಖಾತೆಗೆ ಏರಿಲ್ಲ!

ಅವಳಿಗೆ ಅಳು ಬಂತು. ನಮ್ಮವರು ಬಿಡಲಿಲ್ಲ. "ನಾವೂ ಮೊದಲ ವರ್ಷ ಪುಸ್ತಕ ಬರೆಯುವಾಗ ಆಡಿಟ್‌ನವರ ಹತ್ರ ಬೈಸಿಕೊಂಡಿದ್ದೀವಿ, ತಿದ್ದಿಕೊಂಡು ಬಾ" ಅಂದರು. ಐದು ತಿಂಗಳು, ಹದಿನೈದು ದಿನಕ್ಕೊಮ್ಮೆ, ಹೀಗೇ ನಡೀತು. ಅವಳ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬ ಭಾನುವಾರ ಫೋನಿನಲ್ಲಿ ಅವಳು ಬರೆದದ್ದನ್ನು ಓದ್ತಿದ್ದ. ಉತ್ತರ ಹೇಳ್ತಿರಲಿಲ್ಲ. "ಎಲ್ಲಿ ನಿಂತಿದೆ, ಏನೇನು ಮಾಡಿ ನೋಡಿದೆ, ಮೊದಲು ಅದನ್ನು ಬರೆದು ಕಳಿಸು" ಅಂತಿದ್ದ. ಅವನೇ 'ಗಿಟ್' ಅನ್ನೋದನ್ನು ಕಡ್ಡಾಯ ಮಾಡಿದ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅನ್ನುವವರು ಮಾಡಿದ್ದಂತೆ. ಯಾರು, ಯಾವತ್ತು, ಯಾವ ಸಾಲು ತಿದ್ದಿದರು ಅಂತ ಎಲ್ಲ ಅದರಲ್ಲಿ ಉಳಿಯುತ್ತೆ, ಯಾಕೆ ತಿದ್ದಿದೆ ಅಂತಲೂ ಬರೆಯಬೇಕು. ಇದು ನಮ್ಮದೇ ನಿಯಮ ಅಲ್ವಾ? ನಡಾವಳಿ ಪುಸ್ತಕದಲ್ಲಿ ವೈಟ್ನರ್ ಹಚ್ಚಬಾರದು, ಅಡ್ಡಗೆರೆ ಎಳೆದು ಸಹಿ ಹಾಕಬೇಕು.

ಮುಂದೆ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಸಂದರ್ಶನದಲ್ಲಿ ಆ ಬಣ್ಣದ ಸರ್ಟಿಫಿಕೇಟನ್ನು ಪಕ್ಕಕ್ಕಿಟ್ಟರು. ಸಂಘದ ಲೆಕ್ಕದ ಬಗ್ಗೆಯೇ ಮುಕ್ಕಾಲು ಗಂಟೆ ಕೇಳಿದರು. ಕರೆಂಟು ಹೋದದ್ದನ್ನು ಹೇಗೆ ಸರಿ ಮಾಡಿದೆ ಅಂತ ಕೇಳಿದರಂತೆ. ಆರು ತಿಂಗಳು ಕಡಿಮೆ ಸಂಬಳಕ್ಕೆ ಇಂಟರ್ನ್, ಆಮೇಲೆ ಖಾಯಂ. ದೊಡ್ಡ ಸಂಬಳ ಏನಲ್ಲ. ಸಂಘದ ಸಾಲದ ಕಂತು ಈಗ ಅವಳೇ ಕಟ್ತಿದ್ದಾಳೆ, ಓಲೆ ಇನ್ನೂ ಬಿಡಿಸಿಲ್ಲ.

ಎಐ ಬಂದ ಮೇಲೆ ಹೊಸಬರಿಗೆ ಕೆಲಸವೇ ಇರಲ್ಲ ಅಂತ ಹಲವರು ಹೆದರಿಸ್ತಾರೆ. ಮೊದಲು ಹೊಸಬರಿಗೆ ಕೊಡ್ತಿದ್ದ ಸಣ್ಣಪುಟ್ಟ ಬರವಣಿಗೆಯನ್ನು ಈಗ ಅದು ಮಾಡಿಬಿಡುತ್ತೆ ಅನ್ನೋದು ಸುಳ್ಳಲ್ಲ. ಹಾಗಾಗಿ ಬರೆಯೋದಕ್ಕಿಂತ ಓದಿ ತಪ್ಪು ಹಿಡಿಯೋದು, ಗಿರಾಕಿಯನ್ನು ಕೇಳಿ ತಿಳಿಯೋದು ಹೆಚ್ಚು ಮುಖ್ಯ ಆಗಿದೆ. ಬಡ್ಡಿ ತಪ್ಪಾದಾಗ ಸದಸ್ಯೆಯರು ಎಐಯನ್ನು ಬೈಯಲಿಲ್ಲ, ಆ ಹುಡುಗಿಯನ್ನೇ ಕೇಳಿದರು.

ಇನ್ನು ದುಡ್ಡಿನ ಮಾತು. ಕಲಿಯೋದಕ್ಕೆ ಸಾಲವೇ ಬೇಕು ಅಂತಿಲ್ಲ. ಐಐಟಿ ಬಾಂಬೆಯವರ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಪುಕ್ಕಟೆ, ಕನ್ನಡದಲ್ಲೂ ಇವೆ. ಎನ್‌ಪಿಟಿಇಎಲ್ ಪಾಠಗಳೂ ಪುಕ್ಕಟೆ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ ಇದೆ, 1961ರ ಕಾಯ್ದೆಯದ್ದು. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ಅಂತ 2019ರಲ್ಲಿ ನಿಗದಿ ಮಾಡಿದ್ದು. ಆ ಕನಿಷ್ಠ ಮೊತ್ತದಲ್ಲಿ ಅರ್ಧ ಭಾಗವನ್ನು ಸರ್ಕಾರ ಕೊಡುತ್ತೆ. ಅಂದರೆ ಕಲಿಯುವವರು ದುಡ್ಡು ಕೊಡೋದಲ್ಲ, ಪಡೆಯೋದು. ರಾಜ್ಯದ ಯುವನಿಧಿ ನಮ್ಮ ಶಿವಮೊಗ್ಗದಲ್ಲೇ 2024ರ ಜನವರಿ 12ರಂದು ಶುರುವಾಯ್ತು. ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ ಅಂತ ಗೊತ್ತುಮಾಡಿದ ಯೋಜನೆ. ಮನೆಯಲ್ಲಿ ಅರ್ಹ ಮಕ್ಕಳಿದ್ದರೆ ವಿಚಾರಿಸಿ.

ಆದರೂ ಕೋರ್ಸಿಗೆ ಸಾಲ ಬೇಕು ಅಂದರೆ, ಹಸುವಿಗೆ ಕೇಳಿದಷ್ಟಾದರೂ ಕೇಳಿ. ಮಕ್ಕಳು ಬರೆದದ್ದನ್ನು ಯಾರು ಓದಿ ತಿದ್ದುತ್ತಾರೆ, ಅವರು ಕಂಪನಿಯಲ್ಲಿ ಕೆಲಸ ಮಾಡಿದವರಾ? ಬರೆದದ್ದನ್ನು ಹೊರಗಿನವರು ಯಾರಾದರೂ ಉಪಯೋಗಿಸ್ತಾರಾ? ಹಿಂದಿನ ತಂಡದವರ ಜೊತೆ ಮಾತಾಡಿಸ್ತಾರಾ? ಮಧ್ಯದಲ್ಲಿ ಬಿಟ್ಟರೆ ಫೀಸು ವಾಪಸ್ ಕೊಡೋದು ಬರಹದಲ್ಲಿದೆಯಾ? ಕೆಲಸ ಕೊಡುವವರು ಡಿಪಾಜಿಟ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಸಲು ಅಂಕಪಟ್ಟಿ ಯಾರ ಕೈಗೂ ಒತ್ತೆ ಇಡಬೇಡಿ. "ಎರಡು ವರ್ಷದ ಅನುಭವ ಪತ್ರ ಮಾಡಿಸಿಕೊಡ್ತೀವಿ" ಅನ್ನೋರೂ ಇದ್ದಾರೆ. ಅದು ಸುಳ್ಳು ದಾಖಲೆ. ಆಮೇಲೆ ವಿಚಾರಣೆಯಲ್ಲಿ ಸಿಕ್ಕಿಬಿದ್ದರೆ ಇದ್ದ ಕೆಲಸವೂ ಹೋಗುತ್ತೆ.

ಅಮ್ಮಂದಿರಿಗೆ ಒಂದು ಮಾತು. ಮಗಳು ಕಂಪ್ಯೂಟರ್ ಮುಂದೆ ಕೂತಾಗ ಪಾತ್ರೆಗೆ, ನೀರಿಗೆ ಅಂತ ಹತ್ತು ಸಲ ಎಬ್ಬಿಸಬೇಡಿ. ಮಗನನ್ನು ಎಬ್ಬಿಸಲ್ಲ ಅಲ್ವಾ! "ಪಕ್ಕದ ಮನೆಯವನಿಗೆ ಆಗಲೇ ಕೆಲಸ ಸಿಕ್ತು" ಅನ್ನೋದನ್ನು ಊಟದ ಹೊತ್ತಿನಲ್ಲಾದರೂ ನಿಲ್ಲಿಸಿ. ಬೆಂಗಳೂರಿಗೆ ಒಬ್ಬಳನ್ನೇ ಕಳಿಸೋಕೆ ಹೆದರಿಕೆಯಾದರೆ ನಮ್ಮ ಹತ್ತಿರ ಬನ್ನಿ, ಎಲ್ಲಿ ಇರಬಹುದು ಅಂತ ಕೂತು ವಿಚಾರಿಸೋಣ.

ಈಗ ಒಕ್ಕೂಟದ ಮುಂದೆ ಇಂಥವೇ ಎರಡು ಅರ್ಜಿ ಇವೆ, ಒಂದು 35,000, ಇನ್ನೊಂದು 50,000. ಅದಕ್ಕೆ ನಾವು ಇನ್ನೂ ಸಹಿ ಹಾಕಿಲ್ಲ. ಬೇಡ ಅಂತಲೂ ಹೇಳಿಲ್ಲ. ಮುಂದಿನ ಸಭೆಗೆ ಆ ಇಬ್ಬರು ತಾಯಂದಿರು ಮಕ್ಕಳನ್ನೂ ಕರಕೊಂಡು ಬರಲಿ, ಕೇಂದ್ರದವರು ಕೊಟ್ಟ ಕಾಗದ ತರಲಿ. ನಮ್ಮ ಹುಡುಗಿ ಅವತ್ತು ಊರಿನಲ್ಲಿರ್ತಾಳೆ. ಆ ಕಾಗದ ಅವಳೂ ಓದಲಿ. ಲೆಕ್ಕದ ಪ್ರೋಗ್ರಾಮಿನಲ್ಲಿ ಇನ್ನೂ ಎರಡು ತಪ್ಪು ಉಳಿದಿವೆಯಂತೆ, ಆ ಮಕ್ಕಳಿಗೆ ಮನಸ್ಸಿದ್ದರೆ ಅವತ್ತೇ ಹುಡುಕೋಕೆ ಕೂರಬಹುದು. ಪ್ರತಿನಿಧಿಗಳು ಕನ್ನಡಕ ಮರೆಯದೆ ತನ್ನಿ.