ಹಳೇ ಸೈಕಲ್ಲಿನ ಮೊದಲ ಸವಾರಿ

ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ ನಿಂತದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಆದರೆ ಅಪ್ಪನ ಕಾಲದ ಸೈಕಲ್ಲುಗಳು ನಮ್ಮಲ್ಲಿ ಇನ್ನೂ ಇವೆ.

ನೆರೂಳದ ಈ ಚಳಿಗೆಂದು ಅದನ್ನು ಓವರಾಯಿಲ್ ಮಾಡಿಸಿದ್ದೀರಾ? ಮೊದಲ ದಿನವೇ ಪಾಮ್ ಬೀಚ್ ರಸ್ತೆಗೆ ಇಳಿಯಬೇಡಿ. ಅಲ್ಲಿ ಕಾರುಗಳ ವೇಗ ಜಾಸ್ತಿ. ಸೆಕ್ಟರಿನ ಒಳರಸ್ತೆಗಳೇ ಸಾಕು. ಇಬ್ಬನಿಯಲ್ಲಿ ಒದ್ದೆಯಾದ ಸ್ಟೀಲ್ ರಿಮ್ಮಿಗೆ ಕಂಬಿ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ರಿಮ್ ಒರೆಸಿ, ನಿಧಾನವಾಗಿ ಓಡಿಸುತ್ತಾ ಬ್ರೇಕು ಒತ್ತಿ ನೋಡಿ.

ಹೊಸ ಕಾಟರ್ ಪಿನ್ನು ಮೊದಲ ಸವಾರಿಗಳಲ್ಲಿ ಸಡಿಲವಾಗಬಹುದು. ಪೆಡಲ್ ತುಳಿದಾಗ 'ಟಕ್' ಎಂದರೆ ಇಳಿದು ತಳ್ಳಿಕೊಂಡು ಬನ್ನಿ; ಹಾಗೇ ತುಳಿದರೆ ಕ್ರ್ಯಾಂಕೇ ಹಾಳು. ವಾರ ಬಿಟ್ಟು ಇನ್ನೊಮ್ಮೆ ಬಿಗಿ ಮಾಡಿಸಿ. ಗಂಟೆಯನ್ನೂ ಮರೆಯಬೇಡಿ. ಶುಭ ಸವಾರಿ!